ಬಾನನ್ನೂ ಕಡಲನ್ನೂ ಬೆಸೆದ ಗುಸ್ತಾವ್ ಲ ಗ್ರೇ

ಕಡಲ ದಡದಲ್ಲಿ ನಿಂತವನಿಗೆ ಮೇಲಿನ ಮೋಡದ ಮಡಿಕೆಗಳೂ ಕೆಳಗಿನ ತೆರೆಯ ನೊರೆಯೂ ಏಕಕಾಲದಲ್ಲಿ ಗೋಚರಿಸುತ್ತವೆ. ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಯಂತ್ರಕ್ಕೆ ಈ ಸರಳ ನೋಟವೇ ದುಸ್ಸಾಧ್ಯವಾಗಿತ್ತು. ಆ ತೊಡಕನ್ನು ಬಿಡಿಸಿದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಗುಸ್ತಾವ್ ಲ ಗ್ರೇ.

1820ರಲ್ಲಿ ಪ್ಯಾರಿಸಿನ ಸಮೀಪದ ವಿಲಿಯೆ-ಲ-ಬೆಲ್ ಎಂಬ ಊರಿನಲ್ಲಿ ಜನಿಸಿದ ಈತ ಮೊದಲು ಹಿಡಿದದ್ದು ಕುಂಚವನ್ನು. ಪಾಲ್ ದೆಲಾರೋಶ್‌ನ ಚಿತ್ರಶಾಲೆಯಲ್ಲಿ ಪಳಗಿ, ಇಟಲಿಯಲ್ಲಿ ಕೆಲಕಾಲವಿದ್ದು, ಬಳಿಕ ಛಾಯಾಗ್ರಹಣಕ್ಕೆ ಒಲಿದನು. ನೆಗೆಟಿವ್ ಕಾಗದಕ್ಕೆ ಮೊದಲೇ ಮೇಣವನ್ನು ಉಣಿಸುವ ವಿಧಾನವನ್ನು 1851ರಲ್ಲಿ ಪ್ರಕಟಿಸಿದನು. ಇಂಥ ಕಾಗದವನ್ನು ದಿನಗಳ ಮುಂಚೆಯೇ ಸಿದ್ಧಪಡಿಸಿ ಒಯ್ಯಬಹುದಾಗಿದ್ದರಿಂದ ಸಂಚಾರಿಗಳಿಗೆ ಅದು ವರವಾಯಿತು. ಅದೇ ವರ್ಷ ದೇಶದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಸರಕಾರ ನಿಯೋಜಿಸಿದ ಐವರಲ್ಲಿ ಈತನೂ ಒಬ್ಬ. ಛಾಯಾಗ್ರಹಣವು ಅಗ್ಗದ ವ್ಯಾಪಾರವಾಗದೆ ಕಲೆಯಾಗಬೇಕೆಂಬುದು ಆತನ ಹಂಬಲ.

1856ರಿಂದ ಆತ ಕಡಲಿನತ್ತ ತಿರುಗಿದನು. ಅಂದಿನ ಕೊಲೋಡಿಯನ್ ಲೇಪಿಸಿದ ಗಾಜಿನ ಫಲಕವು ನೀಲಿ ಬೆಳಕಿಗೆ ಬಹುಬೇಗ ಸ್ಪಂದಿಸುತ್ತಿತ್ತು. ನೀರೂ ಬಂಡೆಯೂ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಮೋಡಗಳನ್ನೆಲ್ಲ ನುಂಗಿಕೊಂಡು ಬರಿಯ ಬಿಳುಪಾಗುತ್ತಿತ್ತು. ಮೋಡಗಳಿಗೆ ತಕ್ಕಷ್ಟು ಬಿಟ್ಟರೆ ಕೆಳಗೆ ಕತ್ತಲೆ. ಲ ಗ್ರೇ ಕಡಲಿಗೊಂದು, ಬಾನಿಗೊಂದು ಫಲಕವನ್ನು ಬಳಸಿದನು. ಒಂದನ್ನು ಮುದ್ರಿಸುವಾಗ ಕಾಗದದ ಉಳಿದರ್ಧವನ್ನು ಮರೆಮಾಡಿ, ಎರಡನ್ನೂ ದಿಗಂತದ ಗೆರೆಯಲ್ಲಿ ಕೂಡಿಸಿದನು. 1857ರಲ್ಲಿ ಸೆತ್ ಬಂದರಿನಲ್ಲಿ ತೆಗೆದ ‘ಮಹಾ ತರಂಗ’ ಹೀಗೆ ಹುಟ್ಟಿದ್ದು. ಒಂದೇ ಮೋಡದ ಸಾಲು ಆತನ ಬೇರೆ ಬೇರೆ ಕಡಲುಗಳ ಮೇಲೆ ತೇಲಿರುವುದೂ ಉಂಟು! ಬೆಳಕು ಅನುಕೂಲಿಸಿದಾಗ ಒಂದೇ ಫಲಕದಲ್ಲಿಯೂ ಆತ ಗೆದ್ದದ್ದುಂಟು.

ಹಾಗಾದರೆ ಇದು ಕಪಟವಲ್ಲವೆ? ಆ ಮೋಡ ಆ ಅಲೆಯ ಮೇಲೆ ಆ ಕ್ಷಣದಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಬರಿಯ ಬಿಳಿಯ ಬಾನೂ ಅಲ್ಲಿ ಇರಲಿಲ್ಲವಷ್ಟೆ. ಒಂದೇ ಫಲಕದ ಪ್ರಾಮಾಣಿಕತೆ ಕಣ್ಣಿಗೆ ಸುಳ್ಳಾಗಿತ್ತು. ಎರಡು ಫಲಕಗಳ ಕೃತಕತೆ ಕಣ್ಣಿಗೆ ಸತ್ಯವಾಯಿತು.

ಕೀರ್ತಿ ಬಂದಿತು, ಹಣ ನಿಲ್ಲಲಿಲ್ಲ. ಪ್ಯಾರಿಸಿನ ಬೂಲ್ವಾರ್ ದೆ ಕಪುಸೀನ್ ಬೀದಿಯ ವೈಭವದ ಚಿತ್ರಶಾಲೆ 1860ರಲ್ಲಿ ಮುಳುಗಿತು. ಸಾಲಗಾರರನ್ನೂ ಹೆಂಡತಿ ಮಕ್ಕಳನ್ನೂ ಹಿಂದೆ ಬಿಟ್ಟು ಆತ ಕಾದಂಬರಿಕಾರ ಅಲೆಕ್ಸಾಂಡರ್ ದ್ಯೂಮಾನ ನೌಕೆಯನ್ನೇರಿದನು. ಪಲೆರ್ಮೊ ನಗರದಲ್ಲಿ ಗಾರಿಬಾಲ್ದಿಯ ಸಮರ ಉಳಿಸಿದ ಭಗ್ನ ಬೀದಿಗಳನ್ನು ಚಿತ್ರಿಸಿದನು. ಮಾಲ್ಟಾದಲ್ಲಿ ದ್ಯೂಮಾನ ಸಂಗ ತಪ್ಪಿತು. ಕೊನೆಗೆ ಈಜಿಪ್ಟನ್ನು ಸೇರಿ, ಚಿತ್ರಕಲೆಯ ಉಪಾಧ್ಯಾಯನಾಗಿ ಬಾಳಿ, 1884ರಲ್ಲಿ ಕೈರೋದಲ್ಲಿ ಕಣ್ಮುಚ್ಚಿದನು. ತೊರೆದ ಮನೆಗೆ ಆತ ಮರಳಲಿಲ್ಲ. ಬಾನನ್ನೂ ಕಡಲನ್ನೂ ಗೆರೆ ಕಾಣದಂತೆ ಬೆಸೆದವನಿಗೆ ಕಲೆಯನ್ನೂ ಸಂಸಾರವನ್ನೂ ಬೆಸೆಯಲು ಆಗಲಿಲ್ಲ.

1999ರಲ್ಲಿ ಲಂಡನ್ನಿನ ಹರಾಜಿನಲ್ಲಿ ‘ಮಹಾ ತರಂಗ’ದ ಒಂದು ಪ್ರತಿ 5 ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು. ಇಂದು ಕಿಸೆಯಲ್ಲಿನ ಫೋನು ಕೂಡ ಬೆಳಕಿನ ಹೆಚ್ಚುಕಡಿಮೆಯ ಹಲವು ಪ್ರತಿಗಳನ್ನು ಕ್ಷಣದಲ್ಲಿ ಹೆಣೆಯುತ್ತದೆ. ಹತ್ತಿರದ ಹೂವಿಗೊಮ್ಮೆ, ದೂರದ ಬೆಟ್ಟಕ್ಕೊಮ್ಮೆ ನೋಟವನ್ನು ನೆಟ್ಟು, ಎರಡನ್ನೂ ಒಂದೇ ಚಿತ್ರದಲ್ಲಿ ಸ್ಪಷ್ಟಗೊಳಿಸುವವರೂ ಇದ್ದಾರೆ. ಲ ಗ್ರೇ ಕೈಯಿಂದ ಮಾಡಿದ ಕೆಲಸದ ಮುಂದುವರಿಕೆಯೇ ಇದೆಲ್ಲ.