ಮಹಮದ್ ಗವಾನ

ನಮ್ಮ ಬಸವಕಲ್ಯಾಣ ಕಡೆಯವರು ಹುಮನಾಬಾದ ಮೇಲಿಂದ ಬೀದರಕ್ಕೆ ಹೋಗುತ್ತಾರೆ. ಅಲ್ಲಿ ಹಳೆ ಊರಿನಲ್ಲಿ ಚೌಬಾರಾ ದಾಟಿ ಕೋಟೆ ಕಡೆ ನಡೆದರೆ, ಅರ್ಧ ಬಿದ್ದ ಭಾಳ ದೊಡ್ಡ ಕಟ್ಟಡ ಕಾಣಿಸುತ್ತದೆ. ಮುಂದಿನ ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ. ಅದು ಅರಮನೆ ಅಲ್ಲ, ಕಾಲೇಜು. 1472 ರಲ್ಲಿ ಕಟ್ಟಿಸಿದವನು ಮಹಮದ್ ಗವಾನ.

ಗವಾನನು ಇರಾನ್ ದೇಶದ ಗಿಲಾನ್ ಸೀಮೆಯಲ್ಲಿ 1411 ರ ಸುಮಾರಿಗೆ ಜನಿಸಿದನು. ಅಲ್ಲಿಯ ದರಬಾರಿನವರು ಇವನ ಮನೆತನದ ಮೇಲೆ ದ್ವೇಷ ಮಾಡಿದ್ದರಿಂದ ಊರು ಬಿಟ್ಟು ವ್ಯಾಪಾರಕ್ಕೆ ಇಳಿದನು. ಹೋದ ಹೋದಲ್ಲಿ ಪಂಡಿತರ ಹತ್ತಿರ ಕೂತು ಕಲಿಯುತ್ತಿದ್ದನು. 1453 ರಲ್ಲಿ ಹಡಗಿನಿಂದ ದಾಬೋಳ ಬಂದರಿಗೆ ಇಳಿದು ಬೀದರಕ್ಕೆ ಬಂದನು. ಮುಂದೆ ದಿಲ್ಲಿಗೆ ಹೋಗುವ ವಿಚಾರ ಇತ್ತು. ಆದರೆ ಬಹಮನಿ ಸುಲ್ತಾನನು ಇವನ ಜಾಣತನ ನೋಡಿ ಇಲ್ಲಿಯೇ ಇರಿಸಿಕೊಂಡನು. ಮೂರನೇ ಮಹಮ್ಮದ ಶಾಹನ ಕಾಲಕ್ಕೆ ಪ್ರಧಾನ ಮಂತ್ರಿಯಾದನು. ಗೋವಾ ಗೆದ್ದನು, ಹೊಲಗಳನ್ನು ಅಳತೆ ಮಾಡಿಸಿದನು. ಯುದ್ಧದ ಸಂಗತಿ ಪಾಠದಲ್ಲಿ ಬರುತ್ತದೆ, ನಾನು ಮದರಸಾದ ಬಗ್ಗೆ ಬರೆಯುತ್ತೇನೆ.

ಮದರಸಾ ಅಂದರೆ ಅಲಿಫ್ ಬೇ ಕಲಿಸುವ ಸಾಲೆ ಅಂತ ತಿಳಿಯಬಾರದು. ಇದು ದೊಡ್ಡ ವಿದ್ಯೆಯ ಜಾಗ. ಧರ್ಮಶಾಸ್ತ್ರದ ಜೊತೆಗೆ ತತ್ವಶಾಸ್ತ್ರ, ಗಣಿತ, ಖಗೋಳವನ್ನೂ ಕಲಿಸುತ್ತಿದ್ದರು. ಕಟ್ಟಡ 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಪಾಠದ ದೊಡ್ಡ ಕೋಣೆಗಳು, ಮಸೀದಿ, ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ ಬೇರೆ ಮನೆ. ಊಟ, ವಸತಿ ಎಲ್ಲಾ ಪುಕ್ಕಟೆ. ಗ್ರಂಥಾಲಯದಲ್ಲಿ 3000 ಪುಸ್ತಕಗಳಿದ್ದವು. ಆಗ ಛಾಪಖಾನೆ ಎಲ್ಲಿತ್ತು? ಎಲ್ಲವೂ ಕೈಯಿಂದ ಬರೆದವು. ನಮ್ಮ ಈ ಒಂದು ಗೋಡೆ ಪತ್ರಿಕೆ ಬರೆಯಲಿಕ್ಕೇ ಎಷ್ಟು ದಿನ ಹಿಡಿಯುತ್ತದೆ ನೋಡ್ರಿ!

ಒಂದೊಂದು ವಿದ್ಯೆಗೆ ಅದನ್ನೇ ಆಳವಾಗಿ ಓದಿದ ಗುರು ಬೇಕು. ಅದಕ್ಕಾಗಿ ಗವಾನ ದೂರದೂರಿನ ಪಂಡಿತರಿಗೆ ಪತ್ರ ಬರೆದು ಕರೆಯುತ್ತಿದ್ದನು. ಜಾಮಿ ಎಂಬ ಹೆಸರಾಂತ ಪಾರಸಿ ಕವಿಗೂ ಬರೆದಿದ್ದನು. ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರ ನಡೆದವು. ಗವಾನನ ಪತ್ರಗಳೇ ರಿಯಾಜ್-ಉಲ್-ಇನ್ಶಾ ಎಂಬ ಪುಸ್ತಕವಾಗಿವೆ.

ನಮ್ಮ ಸೀಮೆಗೆ ಇಂಥ ವಿದ್ಯೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಚಿತ್ತಾಪುರದ ಹತ್ತಿರ ನಾಗಾವಿಯಲ್ಲಿ ಘಟಿಕಾಸ್ಥಾನ ಇತ್ತು. 1058 ರ ಶಾಸನದ ಪ್ರಕಾರ ವೇದಕ್ಕೆ 200, ಶಾಸ್ತ್ರಕ್ಕೆ 52 ವಿದ್ಯಾರ್ಥಿಗಳು, ಪುಸ್ತಕ ಭಂಡಾರ ಕಾಯಲಿಕ್ಕೆ 6 ಜನ.

ಗವಾನನು ಪ್ರಾಂತಗಳ ಅಧಿಕಾರಿಗಳ ಬಲ ಕಡಿಮೆ ಮಾಡಿದ್ದನು. ಒಬ್ಬೊಬ್ಬರ ಕೈಯಲ್ಲಿ ಒಂದೇ ಕೋಟೆ ಬಿಟ್ಟನು. ಇದರಿಂದ ಸರದಾರರಿಗೆ ಹೊಟ್ಟೆಯಲ್ಲಿ ಬೆಂಕಿ. ಅವರು ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆದಂತೆ ಬರೆದು ಸುಲ್ತಾನನಿಗೆ ತೋರಿಸಿದರು. ಗವಾನ ಮುದ್ರೆ ತನ್ನದೇ, ಬರಹ ತನ್ನದಲ್ಲ ಅಂತ ಹೇಳಿದನು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಮಾಡಲೇ ಇಲ್ಲ. 1481 ರ ಏಪ್ರಿಲ್ 5 ರಂದು, ಎಪ್ಪತ್ತು ವರ್ಷದ ಮುದುಕನ ತಲೆ ಹೊಡೆಸಿದನು. ಇಷ್ಟು ಕಾಗದ ಬರೆದವನು ಒಂದು ಸುಳ್ಳು ಕಾಗದದಿಂದ ಸತ್ತನು. ಇದನ್ನು ಓದಿ ನನಗೆ ಭಾಳ ಸಿಟ್ಟು ಬಂತು.

ಆಮೇಲೆ ಸುಲ್ತಾನ ಇವನ ಖಜಾನೆ ತಪಾಸ ಮಾಡಿಸಿದರೆ ಹೆಚ್ಚೇನೂ ಸಿಗಲಿಲ್ಲ. ಗವಾನ ತನ್ನ ಹಳೆ ವ್ಯಾಪಾರದ ದುಡ್ಡಿನಲ್ಲಿ ಉಣ್ಣುತ್ತಿದ್ದನು, ಮಣ್ಣಿನ ಗಡಿಗೆಯಲ್ಲಿ ಅಡಿಗೆ, ಚಾಪೆಯ ಮೇಲೆ ನಿದ್ದೆ. ಉಳಿದದ್ದು ಬಡವರಿಗೆ. ಸುಲ್ತಾನ ಪಶ್ಚಾತ್ತಾಪಪಟ್ಟು ಮರು ವರ್ಷವೇ ಸತ್ತನು.

ಮದರಸಾ ಇನ್ನೂ ಇನ್ನೂರು ವರ್ಷ ನಿಂತಿತ್ತು. 1696 ರಲ್ಲಿ ಒಂದು ಮಿನಾರು, ಮುಂದಿನ ಅರ್ಧ ಭಾಗ ಬಿದ್ದುಹೋಯಿತು. ಕೆಲವರು ಸಿಡಿಲು ಅಂತಾರೆ, ಕೆಲವರು ಒಳಗೆ ಇಟ್ಟ ಮದ್ದು ಸಿಡಿಯಿತು ಅಂತಾರೆ. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಹಳದಿ ಹೆಂಚಿನ ಚೂರುಗಳು ಈಗಲೂ ಇವೆ. ಗವಾನನ ಗೋರಿ ಬೀದರದ ಹತ್ತಿರ ಗೋರನಳ್ಳಿಯಲ್ಲಿದೆ.