ತಲೆಸುತ್ತಿನ ಮೂಲ ಅಳೆದ ವೈದ್ಯ ರಾಬರ್ಟ್ ಬಾರಾನಿ

ಮಂಠಾಳದಿಂದ ಬಸವಕಲ್ಯಾಣಕ್ಕೆ, ಅಲ್ಲಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕಿಟಕಿಗೆ ಒರಗಿ ಕುಳಿತವರು ಒಬ್ಬರಾದರೂ ಸಿಗುತ್ತಾರೆ. ಬೀದರಿನ ವಾಯುನೆಲೆಯಲ್ಲಿ 2008ರಿಂದ ಹಾಕ್ ಜೆಟ್ ವಿಮಾನಗಳಲ್ಲಿ ತರಬೇತಿ ಪಡೆಯುತ್ತ ಬಂದಿರುವ ಯುವ ಪೈಲಟ್‌ಗಳನ್ನು ಕಾಡುವುದೂ ಇದೇ ಬಾಧೆ. ಸೋಜಿಗವೆಂದರೆ, ನೆಲಬಿಟ್ಟು ಏಳದ ಸಿಮ್ಯುಲೇಟರ್‌ನಲ್ಲಿ ಕುಳಿತಾಗಲೂ, ವರ್ಚುವಲ್ ರಿಯಾಲಿಟಿಯ ಕನ್ನಡಕ ಧರಿಸಿ ಮನೆಯ ಕುರ್ಚಿಯಲ್ಲಿ ಕುಳಿತಾಗಲೂ ಕೆಲವರಿಗೆ ಅದೇ ತಣ್ಣನೆಯ ಬೆವರು, ಅದೇ ವಾಕರಿಕೆ. ಈ ಬಾಧೆಗೆ ಕಾರಣವಾಗುವ ಒಳಕಿವಿಯ ಅಂಗವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಪರೀಕ್ಷಿಸುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವರು ರಾಬರ್ಟ್ ಬಾರಾನಿ.

ಬಾರಾನಿ ಜನಿಸಿದ್ದು 1876ರ ಏಪ್ರಿಲ್ 22ರಂದು, ವಿಯೆನ್ನಾದಲ್ಲಿ. ಹಂಗೇರಿ ಮೂಲದ ಯಹೂದಿ ಕುಟುಂಬ. ತಂದೆ ಜಮೀನುಗಳ ಆಡಳಿತ ನೋಡಿಕೊಳ್ಳುತ್ತಿದ್ದವರು. ಆರು ಮಕ್ಕಳಲ್ಲಿ ಇವರೇ ಹಿರಿಯರು. ಬಾಲ್ಯದಲ್ಲಿ ತಗುಲಿದ ಮೂಳೆ ಕ್ಷಯ ಒಂದು ಮೊಣಕಾಲನ್ನು ಶಾಶ್ವತವಾಗಿ ಬಿಗಿಗೊಳಿಸಿತು. ಆದರೂ ಟೆನಿಸ್ ಬಿಡಲಿಲ್ಲ, ಬೆಟ್ಟ ಹತ್ತುವುದನ್ನೂ ಬಿಡಲಿಲ್ಲ. ವೈದ್ಯಶಾಸ್ತ್ರದತ್ತ ಅವರ ಒಲವು ಹರಿದದ್ದೂ ಆ ಕಾಯಿಲೆಯಿಂದಲೇ. 1900ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಪದವಿ ಪಡೆದು, ಜರ್ಮನಿಯ ಕೆಲವು ಆಸ್ಪತ್ರೆಗಳಲ್ಲಿ ಅನುಭವ ಗಳಿಸಿ, 1903ರಲ್ಲಿ ಪ್ರಸಿದ್ಧ ಕಿವಿತಜ್ಞ ಆಡಂ ಪೊಲಿಟ್ಸರ್ ಅವರ ಚಿಕಿತ್ಸಾಲಯ ಸೇರಿದರು.

ಅಲ್ಲಿ ದಿನನಿತ್ಯದ ಕೆಲಸವೆಂದರೆ ರೋಗಿಗಳ ಕಿವಿಗೆ ಪಿಚಕಾರಿಯಿಂದ ನೀರು ಬಿಟ್ಟು ತೊಳೆಯುವುದು. ಕೆಲವರಿಗೆ ಆಗ ತಲೆಸುತ್ತು ಬರುತ್ತಿತ್ತು. ಅವರ ಕಣ್ಣುಗುಡ್ಡೆಗಳು ತಾವಾಗಿಯೇ ಪಕ್ಕಕ್ಕೆ ಜಿಗಿಜಿಗಿದು ಆಡುತ್ತಿದ್ದುದನ್ನು ಬಾರಾನಿ ಗಮನಿಸಿದರು. ನೀರು ತೀರ ತಣ್ಣಗಿದೆಯೆಂದು ಒಬ್ಬ ರೋಗಿ ದೂರಿದಾಗ ಮುಂದಿನ ಸಲ ಬಿಸಿ ನೀರು ಬಳಸಿದರು. ತಲೆಸುತ್ತು ಮತ್ತೆ ಬಂತು. ಕಣ್ಣಿನ ಜಿಗಿತ ಮಾತ್ರ ಎದುರು ದಿಕ್ಕಿಗೆ ತಿರುಗಿತ್ತು. ಬೇರೆಯವರಾಗಿದ್ದರೆ ಇದನ್ನು ಒಂದು ಕಿರಿಕಿರಿಯೆಂದು ಬಿಟ್ಟುಬಿಡುತ್ತಿದ್ದರೇನೋ.

ಬಾರಾನಿ ಕಂಡುಕೊಂಡ ವಿವರಣೆ ಸ್ನಾನದ ನೀರು ಕಾಯಿಸುವವರಿಗೆಲ್ಲ ಗೊತ್ತಿರುವಂಥದು. ಹಂಡೆಯಲ್ಲಿ ಬಿಸಿಯಾದ ನೀರು ಮೇಲೇರುತ್ತದೆ, ತಣ್ಣಗಿರುವುದು ಕೆಳಗಿಳಿಯುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಆ ದ್ರವದ ಅಲುಗಾಟದಿಂದಲೇ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಕಿವಿಗೆ ಬಿಟ್ಟ ನೀರಿನ ಬಿಸಿ ಅಥವಾ ತಂಪು ತಟ್ಟಿ ದ್ರವ ಹರಿದಾಡಿದರೆ, ಕುಳಿತಲ್ಲಿಯೇ ಇರುವ ಮನುಷ್ಯನಿಗೆ ತಾನು ಗಿರಗಿರ ತಿರುಗುತ್ತಿರುವಂತೆ ಭಾಸವಾಗುತ್ತದೆ. 1906ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯಾವ ಕಿವಿಯ ಸಮತೋಲನದ ಅಂಗ ಕೆಟ್ಟಿದೆ ಎಂದು ಪಿಚಕಾರಿ ನೀರಿನಿಂದ ಪತ್ತೆಹಚ್ಚುವ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ರೋಗಿಯನ್ನು ಕೂರಿಸಿ ತಿರುಗಿಸುವ ಬಾರಾನಿ ಕುರ್ಚಿಯೂ ಅವರ ಹೆಸರಿನಲ್ಲಿಯೇ ಉಳಿದಿದೆ. (ಹಂಡೆಯ ವಿವರಣೆ ಪೂರ್ಣವಲ್ಲವೆಂದು 1983ರಲ್ಲಿ ತಿಳಿಯಿತು. ಬಿಸಿ ಮೇಲೇರದ ಅಂತರಿಕ್ಷದಲ್ಲಿ, ಸ್ಪೇಸ್‌ಲ್ಯಾಬ್ ಪ್ರಯೋಗದಲ್ಲಿಯೂ ಕಣ್ಣುಗಳು ಜಿಗಿದವು. ಪರೀಕ್ಷೆಯ ಉಪಯೋಗಕ್ಕೇನೂ ಕುಂದು ಬರಲಿಲ್ಲ.)

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಕಾಲಿನ ಊನವಿದ್ದರೂ ಬಾರಾನಿ ತಾವಾಗಿಯೇ ಮುಂದೆ ಬಂದು ಆಸ್ಟ್ರಿಯಾದ ಷೆಮಿಶ್ಲ್ ಕೋಟೆಯಲ್ಲಿ ತಲೆಗೆ ಗುಂಡೇಟು ತಿಂದ ಸೈನಿಕರ ಶುಶ್ರೂಷೆಗೆ ನಿಂತರು. 1915ರ ವಸಂತದಲ್ಲಿ ಕೋಟೆ ಬಿದ್ದು ರಷ್ಯನ್ನರ ಸೆರೆಯಾಳಾದರು. ಇಂದಿನ ತುರ್ಕಮೆನಿಸ್ತಾನದ ಮರ್ವ್ ಊರಿನ ಶಿಬಿರಕ್ಕೆ ಅವರನ್ನು ಸಾಗಿಸಲಾಯಿತು, ಮಲೇರಿಯಾ ಅಂಟಿಕೊಂಡಿತು. 1914ನೇ ಸಾಲಿನ ವೈದ್ಯಕೀಯ ನೊಬೆಲ್ ಪುರಸ್ಕಾರ ತಮಗೆ ಬಂದ ಸುದ್ದಿ ಮುಟ್ಟಿದ್ದು ಆ ಸೆರೆಯಲ್ಲಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ರೆಡ್‌ಕ್ರಾಸ್ ಪರವಾಗಿ ತ್ಸಾರ್ ದೊರೆಯ ಬಳಿ ಮಧ್ಯಸ್ಥಿಕೆ ವಹಿಸಿದ್ದರಿಂದ 1916ರಲ್ಲಿ ಬಿಡುಗಡೆಯಾಗಿ, ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ ಪುರಸ್ಕಾರ ಸ್ವೀಕರಿಸಿದರು.

ಸೆರೆವಾಸಕ್ಕಿಂತ ಹೆಚ್ಚು ನೋವು ಕೊಟ್ಟದ್ದು ತವರೂರು. ವಿಯೆನ್ನಾದ ಸಹೋದ್ಯೋಗಿಗಳು, ಬಾರಾನಿ ಇತರರ ಸಂಶೋಧನೆಗೆ ಸಲ್ಲಬೇಕಾದ ಮನ್ನಣೆ ಕೊಡಲಿಲ್ಲವೆಂದು ಆರೋಪಿಸಿದರು. ಒಳಕಿವಿಗೂ ಸಮತೋಲನಕ್ಕೂ ಇರುವ ನಂಟನ್ನು ಫ್ಲೂರಾನ್ಸ್, ಮಾಖ್, ಬ್ರಾಯರ್ ಮೊದಲಾದವರು ಹಿಂದೆಯೇ ಗುರುತಿಸಿದ್ದರೆಂಬುದು ನಿಜ. ಆದರೆ ಆ ತಿಳಿವಳಿಕೆಯನ್ನು ಚಿಕಿತ್ಸಾಲಯದ ಪರೀಕ್ಷೆಯನ್ನಾಗಿ ಮಾಡಿದ ಶ್ರೇಯಸ್ಸು ಬಾರಾನಿಯವರದೇ. ಸ್ವೀಡನ್ನಿನ ಕಿವಿತಜ್ಞರು ಅವರ ಪರ ನಿಂತರು. ಮನನೊಂದ ಬಾರಾನಿ 1917ರಲ್ಲಿ ವಿಯೆನ್ನಾ ತೊರೆದು ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದರು. ಬದುಕಿನ ಉಳಿದ ವರ್ಷಗಳನ್ನು ಅಲ್ಲಿಯೇ ಕಳೆದರು.

ಸಿಮ್ಯುಲೇಟರ್ ಬಾಧೆಯನ್ನು ಅವರು ಕಾಣಲಿಲ್ಲ. ಅಮೆರಿಕದ ಹೆಲಿಕಾಪ್ಟರ್ ಸಿಮ್ಯುಲೇಟರ್ ಒಂದರಲ್ಲಿ ಅದು ಮೊದಲು ದಾಖಲಾದದ್ದು 1957ರಲ್ಲಿ. ಹೊಸಬರಿಗಿಂತ ನುರಿತ ಪೈಲಟ್‌ಗಳೇ ಹೆಚ್ಚು ಬಳಲಿದ್ದು ಅಂದಿನವರಿಗೆ ಒಗಟಾಗಿತ್ತು. ಪರದೆಯ ಮೇಲೆ ಭೂಮಿ ವಾಲುವುದನ್ನು ಕಣ್ಣು ನೋಡುತ್ತದೆ, ಒಳಕಿವಿಯ ದ್ರವ ಮಾತ್ರ ನಿಶ್ಚಲ. ನಿಜವಾದ ಹಾರಾಟದ ಅನುಭವ ಗಟ್ಟಿಯಾಗಿದ್ದಷ್ಟೂ ಈ ವಿರೋಧ ಮಿದುಳಿಗೆ ಹೆಚ್ಚು ಎದ್ದು ಕಾಣುತ್ತದೆ ಎಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ಬಸ್ಸಿನಲ್ಲಿ ಪುಸ್ತಕ ಓದುವವರದು ಇದರ ತಿರುವು ಮುರುವು: ಕಣ್ಣಿಗೆ ಪುಟ ನಿಶ್ಚಲ, ಕಿವಿಗೆ ರಸ್ತೆಯ ಕುಲುಕಾಟ. ಒಳಕಿವಿಯ ಈ ಅಂಗ ಎರಡೂ ಕಡೆ ಪೂರ್ತಿ ನಿಷ್ಕ್ರಿಯವಾದವರಿಗೆ ಇಂಥ ವಾಕರಿಕೆ ಬಾರದೆಂಬುದು ಕಿವಿಯ ಪಾತ್ರಕ್ಕೆ ದೊಡ್ಡ ಸಾಕ್ಷಿ.

ವಾಕರಿಕೆ ನಿಲ್ಲದಿದ್ದರೆ ತರಬೇತಿ ಪೈಲಟ್‌ನ ವೃತ್ತಿಗೇ ಕುತ್ತು. 1957ರಲ್ಲಿಯೇ ಆರಂಭವಾದ ಬೆಂಗಳೂರಿನ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಅಂಥವರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ದಿನದಿನಕ್ಕೆ ಸುತ್ತು ಹೆಚ್ಚಿಸಿ, ದೇಹವನ್ನು ಪಳಗಿಸಿ ಮರಳಿ ಹಾರಾಟಕ್ಕೆ ಕಳುಹಿಸುವ ಚಿಕಿತ್ಸೆಯಿದೆ. ಆ ಕುರ್ಚಿ ಬಾರಾನಿಯವರದೇ.

1936ರ ಏಪ್ರಿಲ್ 8ರಂದು ಬಾರಾನಿ ಉಪ್ಸಾಲಾದಲ್ಲಿ ನಿಧನರಾದರು. ಅರುವತ್ತನೆಯ ಹುಟ್ಟುಹಬ್ಬಕ್ಕೆ ಎರಡು ವಾರ ಉಳಿದಿತ್ತು. ಆ ಸಂದರ್ಭಕ್ಕೆಂದು ಅಂತಾರಾಷ್ಟ್ರೀಯ ಸಭೆಯೊಂದರ ಸಿದ್ಧತೆ ನಡೆದಿತ್ತು. ಅವರ ಹಿರಿಯ ಮಗ ಅರ್ನ್‌ಸ್ಟ್ ಮುಂದೆ ಅದೇ ಉಪ್ಸಾಲಾದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾದರು.