ಮೂಳೆ ಬೆಳೆಸುವ ಪ್ರೋಟೀನಿನ ಬೆನ್ನುಹತ್ತಿದ ಮಾರ್ಷಲ್ ಯುರಿಸ್ಟ್

ಮುರಿದ ಮೂಳೆ ತಾನಾಗಿಯೇ ಕೂಡಿಕೊಳ್ಳುವುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಹೊಸ ಮೂಳೆ ಕಟ್ಟುವಂತೆ ಜೀವಕೋಶಗಳನ್ನು ಪ್ರೇರೇಪಿಸುವುದು ಯಾವುದು? ಈ ಪ್ರಶ್ನೆಗೆ ಆಯುಷ್ಯದ ಬಹುಭಾಗವನ್ನು ಮೀಸಲಿಟ್ಟವರು ಅಮೆರಿಕದ ಮೂಳೆತಜ್ಞ ಡಾ. ಮಾರ್ಷಲ್ ಯುರಿಸ್ಟ್.

1914ರಲ್ಲಿ ಷಿಕಾಗೋದಲ್ಲಿ ಜನಿಸಿದ ಯುರಿಸ್ಟ್, 1941ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದ ಅವರಿಗೆ ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ಕರ್ಮಭೂಮಿಯಾಯಿತು.

ಅವರಿಗೆ ಹೆಸರು ತಂದ ಪ್ರಯೋಗ ನೋಡಲು ಸರಳವಾದುದು. ಮೂಳೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಅದರ ಸುಣ್ಣದಂಶವನ್ನು ತೆಗೆದು, ಉಳಿದ ನಿರ್ಜೀವ ಭಾಗವನ್ನು ಮೊಲ, ಇಲಿ ಮುಂತಾದ ಪ್ರಾಣಿಗಳ ಸ್ನಾಯುವಿನಲ್ಲಿ ಇರಿಸಿದರು. ಕೆಲವು ವಾರಗಳಲ್ಲಿ ಮಾಂಸದ ನಡುವೆಯೇ ಮೂಳೆ ಮೂಡಿತ್ತು! ಸತ್ತ ತುಣುಕು ಬೆಳೆದಿರಲಿಲ್ಲ. ಸುತ್ತಲಿನ ಕೋಶಗಳೇ ಮೂಳೆ ಕಟ್ಟುವ ಕೋಶಗಳಾಗಿ ಮಾರ್ಪಟ್ಟಿದ್ದವು. 1965ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಈ ಪ್ರೇರಕ ವಸ್ತುವಿಗೆ 1971ರಲ್ಲಿ ಅವರು 'ಬೋನ್ ಮಾರ್ಫೋಜೆನೆಟಿಕ್ ಪ್ರೋಟೀನ್' (ಬಿಎಂಪಿ) ಎಂದು ಹೆಸರಿಟ್ಟರು.

ಹೆಸರಿಟ್ಟಷ್ಟು ಸುಲಭವಾಗಿ ವಸ್ತು ಕೈಗೆ ಸಿಗಲಿಲ್ಲ. ಕಿಲೋಗಟ್ಟಲೆ ಮೂಳೆಯಲ್ಲಿ ಅದು ಇರುವುದು ಮೈಕ್ರೋಗ್ರಾಂಗಳಷ್ಟು ಮಾತ್ರ. ಕೊನೆಗೆ 1988ರಲ್ಲಿ ಅದರ ವಂಶವಾಹಿಗಳನ್ನು ಗುರುತಿಸಿದ ಕೀರ್ತಿ ಜಿನೆಟಿಕ್ಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ವಿಜ್ಞಾನಿಗಳ ಪಾಲಾಯಿತು. ದಾರಿ ತೋರಿದವರು ಮಾತ್ರ ಯುರಿಸ್ಟ್ ಎಂಬುದರಲ್ಲಿ ಅನುಮಾನವಿಲ್ಲ.

ವಂಶವಾಹಿ ದೊರೆತ ಮೇಲೆ ಹೊಸ ಆಲೋಚನೆಯೊಂದು ಹುಟ್ಟಿತು. ಹೊರಗಿನಿಂದ ಹಾಕಿದ ಪ್ರೋಟೀನು ಬೇಗನೆ ಕರಗಿಹೋಗುತ್ತದೆ. ಅದರ ಬದಲು ವಂಶವಾಹಿಯನ್ನೇ ಕೋಶದೊಳಗೆ ಸೇರಿಸಿದರೆ, ಕೋಶವೇ ಕೆಲಕಾಲ ಪ್ರೋಟೀನನ್ನು ಒದಗಿಸಬಲ್ಲದಲ್ಲವೇ? 1999ರಲ್ಲಿ ಯುರಿಸ್ಟ್ ಅವರದೇ ವಿಶ್ವವಿದ್ಯಾಲಯದ ಜೇ ಲೀಬರ್‌ಮನ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಅಡಿನೋವೈರಸ್ಸನ್ನು ವಾಹಕವಾಗಿಸಿ, ಇಲಿಯ ಅಸ್ಥಿಮಜ್ಜೆಯ ಕೋಶಗಳಿಗೆ ಬಿಎಂಪಿ-2 ವಂಶವಾಹಿಯನ್ನು ಸೇರಿಸಿ, ತೊಡೆಮೂಳೆಯಲ್ಲಿ ಮಾಡಿದ್ದ ದೊಡ್ಡ ಬಿರುಕನ್ನು ಅವರು ಮುಚ್ಚಿದರು. ಬರಿಯ ಪ್ರೋಟೀನು ಹಾಕಿದಾಗ ಬೆಳೆದದ್ದು ಜಾಳಾದ ಮೂಳೆ. ಈ ಕೋಶಗಳು ಕಟ್ಟಿದ್ದು ಒತ್ತಾದ ಮೂಳೆ. ಆದರೆ ವೈರಸ್ಸಿಗೆ ದೇಹ ಒಡ್ಡುವ ಪ್ರತಿರೋಧ, ವಂಶವಾಹಿಯ ಕೆಲಸವನ್ನು ಸಕಾಲಕ್ಕೆ ನಿಲ್ಲಿಸುವ ಬಗೆ ಇವೆಲ್ಲ ತೊಡಕಿನ ಪ್ರಶ್ನೆಗಳು. ಹಾಗಾಗಿ ಈ ವಿಧಾನ ಮನುಷ್ಯರಲ್ಲಿ ಸಾಮಾನ್ಯ ಚಿಕಿತ್ಸೆಯಾಗಿ ಇನ್ನೂ ಬಳಕೆಗೆ ಬಂದಿಲ್ಲ.

ಯುರಿಸ್ಟ್ 2001ರ ಫೆಬ್ರುವರಿಯಲ್ಲಿ ನಿಧನರಾದರು. ಬೆನ್ನುಮೂಳೆ ಜೋಡಣೆಯ ಶಸ್ತ್ರಚಿಕಿತ್ಸೆಯಲ್ಲಿ ಬಿಎಂಪಿ-2 ಬಳಸಲು ಅಮೆರಿಕ ಸರ್ಕಾರದ ಅನುಮತಿ ದೊರೆತದ್ದು ಮರುವರ್ಷ, 2002ರಲ್ಲಿ.